ಟೈರಿನ ಮಟ್ಟದ ಅಲೆ

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೊರಡುವ ಈರುಳ್ಳಿ ಲಾರಿಗಳು ಟಾರ್ಪಾಲು ಹೊಲಿಯುವ ಚಾಚಾನ ಶೆಡ್ಡಿನ ಮುಂದೆ ಒಮ್ಮೆ ನಿಲ್ಲಲೇಬೇಕು. ಅವರು ಸುತ್ತ ನಡೆದು, ಹಗ್ಗ ಜಗ್ಗಿ ನೋಡಿ, "ಹೊರಡು" ಅನ್ನಬೇಕು. ಅನ್ನದಿದ್ದರೆ ಎಂಥ ಪುಂಡ ಡ್ರೈವರೂ ಗೇರು ಹಾಕುವುದಿಲ್ಲ.

ಅವರ ಮಗ ನನ್ನ ಜೊತೆ ಓದಿದವನು. ಲಾರಿ ಎಂಜಿನ್ನಿನಲ್ಲಿ ಕೈ ಪಳಗಿಸಿಕೊಂಡು, ಈಗ ಪೆಸಿಫಿಕ್ ಸಾಗರದ ಪಲಾವು ದ್ವೀಪದಲ್ಲಿ ಸಾಮಾನು ಸಾಗಿಸುವ ದೋಣಿಯ ಮೆಕ್ಯಾನಿಕ್ಕು. ದ್ವೀಪದ ಹೆಸರಿನ ಮೇಲೆ ಆಡಬಹುದಾದ ತಮಾಷೆಯನ್ನೆಲ್ಲ ಬೀದಿಯವರು ಆಡಿ ಮುಗಿಸಿದ್ದಾರೆ, ಅರ್ಧ ನಾನೇ. ದೋಣಿ ಹತ್ತುವ ಮೊದಲು ಅವನೂ ವಾಟ್ಸಾಪಿನಲ್ಲಿ ಕೇಳುತ್ತಾನೆ: "ಅಬ್ಬಾ, ಜಾವೂಂ?" ಚಾಚಾ ಇಲ್ಲಿಂದ "ಜಾ ಬೇಟಾ" ಅಂದರೆ ಅಲ್ಲಿ ಎಂಜಿನ್ ಶುರುವಾಗುತ್ತದೆ.

ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಬಿಡುವಿದ್ದರೆ ಊರವರ ದನಿಗಳನ್ನೂ ಜೆರಾಕ್ಸ್ ಮಾಡುತ್ತೇನೆ. ಹೆಡ್ಮಾಸ್ಟರು, ಕಂಡಕ್ಟರು, ನಮ್ಮಪ್ಪ, ಯಾರನ್ನೂ ಬಿಟ್ಟಿಲ್ಲ. ಒಮ್ಮೆ ಚಾಚಾನ ಫೋನಿನಿಂದಲೇ, ಚಾಚಾನ ದನಿಯಲ್ಲೇ, "ಹುಡುಗಿ ಗೊತ್ತು ಮಾಡಿದೀನಿ, ಬಾ" ಎಂದು ಕಳಿಸಿದ್ದೆ. ಅವನು ದೋಣಿ ಮಾಲೀಕನ ಹತ್ತಿರ ರಜೆಯನ್ನೂ ಕೇಳಿಬಿಟ್ಟಿದ್ದ. ವಿಷಯ ತಿಳಿದ ಚಾಚಾ, "ಗೋಣಿ ಸೂಜೀಲಿ ನಿನ್ ಬಾಯ್ ಹೊಲ್ದ್‌ಬುಡ್ತೀನಿ ಕಣ್ಲಾ" ಎಂದಿದ್ದರು.

ಆ ಮುಂಗಾರಿನಲ್ಲಿ ದ್ವೀಪಗಳ ಮೇಲೆ ಪಡುವಣ ಗಾಳಿ ಬಿಡದೆ ಬೀಸಿತು. ಚಾಚಾ ಸಮುದ್ರ ನೋಡಿದ್ದು ಒಂದೇ ಸಲ, ಕಲ್ಲಿಕೋಟೆಯಲ್ಲಿ, ಲೋಡು ಇಳಿಸುವಷ್ಟು ಹೊತ್ತು. ಪಲಾವಿನ ಹವಾಮಾನ ವರದಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಕನ್ನಡ ಮಾಡಿ, ರೇಡಿಯೊ ವಾರ್ತೆಯ ಗತ್ತಿನಲ್ಲಿ ನಾನು ಓದುತ್ತಿದ್ದೆ. ಅವರು ಅಲೆಯನ್ನು ಲಾರಿಯಿಂದ ಅಳೆಯುತ್ತಿದ್ದರು. ಟೈರು, ಬಾಗಿಲು, ಕ್ಯಾಬಿನ್ನು, ಟಾಪು.

ಒಂದು ದಿನ ವರದಿಯಲ್ಲಿ ಇದ್ದದ್ದು ಹನ್ನೆರಡು ಅಡಿ ಅಲೆ, ಸಣ್ಣ ದೋಣಿಗಳು ಹೊರಡಬಾರದು ಎಂದು. ಚಾಚಾ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಸೂಜಿ ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದರು.

"ಟೈರ್ ಮಟ್ಟ ಚಾಚಾ, ಅಷ್ಟೇಯ."

ಅವರು ಎರಡು ಇಡ್ಲಿ ತರಿಸಿಕೊಂಡು ತಿಂದರು. ನನಗೆ ಪುಣ್ಯ ಕಟ್ಟಿಕೊಂಡಷ್ಟು ಖುಷಿಯಾಯಿತು.

ಕೈ ತೊಳೆಯುವಷ್ಟರಲ್ಲಿ ಮಗನ ದನಿ ಬಂತು. ಆಚೆಯ ದ್ವೀಪದಲ್ಲಿ ಅಕ್ಕಿ ಮುಗಿದಿದೆ, ಮಾಲೀಕ ಹೋಗು ಅನ್ನುತ್ತಿದ್ದಾನೆ, ಬಂದರಿನಲ್ಲಿ ನೀರು ಸುಮ್ಮನೇ ಇದೆ, ಹವಳದ ದಿಬ್ಬದ ಆಚೆ ಹೇಗಿದೆಯೋ ಕಾಣುತ್ತಿಲ್ಲ. ಅಬ್ಬಾ, ಜಾವೂಂ?

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಗುಂಡಿ ಒತ್ತಿ "ಜಾ ಬೇಟಾ" ಅಂದುಬಿಟ್ಟರು.

ಯಾರ ದನಿಯನ್ನೂ ಹಾಕದೆ ಹೇಳಿದೆ, "ಚಾಚಾ, ಟೈರ್ ಅಲ್ಲ. ಲೋಡ್ ಲಾರಿ ಟಾಪು. ಸುಳ್ ಯೋಳ್ಬುಟ್ಟೆ."

ಚಾಚಾ ಫೋನು ಬಾಯಿಗಿಟ್ಟುಕೊಂಡು "ನಕ್ಕೋ ಜಾ ಬೇಟಾ, ನಕ್ಕೋ" ಎಂದು, ಹೋಗಲೇಬೇಡ ಅಂತ ಕಳಿಸಿದರು.

ಮಗನ ಉತ್ತರ ನನ್ನ ಫೋನಿಗೆ ಬಂತು, ನಗುತ್ತಾ: "ಲೇ, ನೀನೇ ತಾನೆ? ಅಬ್ಬಾ ಒಂದ್ಸಲ ಜಾ ಅಂದ್ಮೇಲೆ ತಿರುಗ್ಸೋರಲ್ಲ. ಈ ಸಲ ಯಾಮಾರಕಿಲ್ಲ ಬುಡು."

ಒಬ್ಬ ಅಪ್ಪನ ಮಾತನ್ನು ಮಗ ನಂಬದ ಹಾಗೆ ಮಾಡಿದ್ದು ನನ್ನ ಗಂಟಲು. ಕರೆ ಮಾಡಿದೆವು, ಹೋಗಲಿಲ್ಲ. ಚಾಚಾ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, "ವಿಡಿಯೊ ಹಿಡಿ" ಅಂದರು. ಹಿಡಿದೆ. ಟಾರ್ಪಾಲಿನ ಮೇಣದ ವಾಸನೆಯ ಅಂಗೈಯನ್ನು ನನ್ನ ಬಾಯಿಗೆ ಒತ್ತಿ ಮುಚ್ಚಿ, ಫೋನಿನತ್ತ ನೋಡುತ್ತಾ ಮತ್ತೆ ಹೇಳಿದರು: "ನಕ್ಕೋ ಜಾ."

ವಾಟ್ಸಾಪಿನಲ್ಲಿ ಒಂದೇ ಟಿಕ್ ಬಿತ್ತು. ಎರಡನೆಯದು ಬೀಳಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರ ಪಕ್ಕದಲ್ಲೇ ಕೂತಿದ್ದೆ. ಜೆರಾಕ್ಸಿಗೆ ಬಂದವರು ಕೂಗಿ ಕೂಗಿ ಹೋದರು.

"ಎಂಜಿನ್ ಕೋಣೇಲಿ ಸಿಗ್ನಲ್ ಇರ್ಲಿಲ್ಲ. ಇಳಿದುಬಿಟ್ಟೆ ಅಬ್ಬಾ, ದೋಣಿ ಹೊರಡ್ಲಿಲ್ಲ. ಮಾಲೀಕ ಬೈತಾವ್ನೆ."

ಚಾಚಾ ಕಣ್ಣು ಒರೆಸಿಕೊಂಡು ಸೂಜಿ ಎತ್ತಿಕೊಂಡರು. ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿದರು.

"ಲೋ, ಆ ಆಚೆ ದ್ವೀಪದೋರು ಅಕ್ಕಿಗೆ ಏನ್ ಮಾಡ್ತರ್ಲಾ?"

ವರದಿಯನ್ನು ಮೊದಲಿನಿಂದ ಕೊನೆಯವರೆಗೆ, ಒಂದಂಕಿಯನ್ನೂ ತಗ್ಗಿಸದೆ, ಇನ್ನೊಮ್ಮೆ ಓದಿದೆ. ಅದರಲ್ಲಿ ಆಚೆ ದ್ವೀಪದವರ ಅಕ್ಕಿಯ ಸುದ್ದಿ ಇರಲಿಲ್ಲ.