ಮೀನು ನೋಡಲು ಬಂದ ಕೆಳಮನೆಯವರು

ಪರದೇಶದ ಎವರ್‌ಗ್ರೀನ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿದ್ದ ಹುಬ್ಬಳ್ಳಿಯ ಆಂಟಿ ಮಾತಾಡುವಾಗೆಲ್ಲ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇರುತ್ತಿದ್ದರು. ನಾನು ಮಗಳಿಗೆಂದು ಅಕ್ವೇರಿಯಂ ತಂದ ವಾರ ಮೀನುಗಳು ಗಿಡದ ಹಿಂದೆ ಅಡಗಿ, ಹಾಕಿದ ಆಹಾರ ಮುಟ್ಟಲಿಲ್ಲ. ಸತ್ತೇಹೋಗುತ್ತವೆಂಬ ಹೆದರಿಕೆಯಲ್ಲಿ ನಾನು ಗಳಿಗೆಗೊಮ್ಮೆ ಗಾಜಿಗೆ ಮುಖವೊತ್ತಿ ನೋಡುತ್ತಿದ್ದೆ. ಊರಿನಲ್ಲೂ ಮೀನು ಸಾಕಿದ್ದ ಆಂಟಿ ಬಂದು ಲೈಟು ಆರಿಸಿ, ಗಾಜಿಗೆ ಹಳೆಯ ಬೆಡ್‌ಶೀಟು ಹೊದಿಸಿದರು.

"ಹಂಗ ನೋಡಬ್ಯಾಡ್ರಿ, ಅಂಜತಾವ. ತಾವಾಗೇ ಬರ್ತಾವ."

ಆಮೇಲೆ ದಿನವೂ ಬಂದು ಅದನ್ನೇ ಹೇಳುತ್ತಿದ್ದರು. ಮೀನುಗಳು ಒಂದೊಂದಾಗಿ ಹೊರಗೆ ಬರತೊಡಗಿದವು, ಬೆಡ್‌ಶೀಟನ್ನೂ ತೆಗೆದೆವು.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನೆಲ ನಡುಗಿತು. ಅಕ್ವೇರಿಯಂ ನೀರು ತುಳುಕಿ ಕಾರ್ಪೆಟ್ಟಿಗೆ ಚೆಲ್ಲಿತು. ನಾನು ಮಗಳನ್ನು ಅವಚಿಕೊಂಡು ಮೇಜಿನ ಕೆಳಗೆ ತೂರಿದೆ. ನಡುಕ ನಿಂತ ಕೂಡಲೇ ಯಾರೋ ಬಾಗಿಲು ಬಡಿದರು. ತೆರೆದರೆ ಆಂಟಿ, ಬರಿಗಾಲಲ್ಲಿ.

"ಮೀನು ಹ್ಯಾಂಗ ಅದಾವ ನೋಡಾಕ ಬಂದೆ," ಎನ್ನುತ್ತ ಒಳಬಂದು ಅಕ್ವೇರಿಯಂ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಮೀನು ಒಂದೂ ಕಾಣುತ್ತಿರಲಿಲ್ಲ. ನೆಲ ಮತ್ತೊಮ್ಮೆ ಸಣ್ಣಗೆ ನಡುಗಿದಾಗ ಅವರು ನನ್ನ ಕೈ ಹಿಡಿದರು. ಅವರ ಅಂಗೈ ತಣ್ಣಗಿತ್ತು.

ಸಂಜೆಯ ಹೊತ್ತಿಗೆ ಗಿಡದ ಎಲೆ ಅಲುಗಿ ಒಂದು ಮೀನು ಇಣುಕಿತು. ಅದರ ಹಿಂದೆಯೇ ಉಳಿದವೂ ಬಂದವು.

"ಬಂದ್ವು ಆಂಟಿ, ಎಲ್ಲಾ ಸೇಫಾಗಿವೆ," ಎಂದೆ. "ನೀವಿನ್ನು ಆರಾಮಾಗಿ ಮನೆಗೆ ಹೋಗಿ."

ಅವರು ಮೀನುಗಳ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.

"ಮನ್ಯಾಗ ಯಾರೂ ಇಲ್ಲ ಯವ್ವಾ," ಎಂದರು. "ಇನ್ನೊಂದೀಟು ಇಲ್ಲೇ ಕೂಡ್ತೀನಿ."