ಕಪ್ಪು ನಾಲ್ಕು, ಬಿಳಿ ಐದು

ಪುಣೆಯಲ್ಲಿ ಕಛೇರಿ ಮುಗಿಸಿ ಬೆಂಗಳೂರಿನ ಕಛೇರಿಗೆ ಹೋಗುವ ಕಲಾವಿದರು ದಾವಣಗೆರೆ ಮೇಲೆ ಹೆದ್ದಾರಿಯಲ್ಲೇ ನೆಟ್ಟಗೆ ಹೋಗುತ್ತಾರೆ. ಬುದ್ಧಿ ಇದ್ದವರು ವಿಮಾನ ಹತ್ತುತ್ತಾರೆ. ನಾವು ಮೂವರು ಮಾತ್ರ ಹುಬ್ಬಳ್ಳಿಯಲ್ಲಿ ದಾರಿ ಬಿಟ್ಟು, ಗದಗ, ಮುಂಡರಗಿ ಹಿಂದೆ ಹಾಕಿ, ಹೊಳೆ ದಾಟಿ ಹಡಗಲಿಗೆ ಬಂದು, ಕೊಟ್ಟೂರಿನ ನಮ್ಮ ಮನೆಯಲ್ಲಿ ಒಂದು ದಿನ ಬಿದ್ದುಕೊಂಡು, ಮರುದಿನ ಕೂಡ್ಲಿಗಿ ಹತ್ತಿರ ಇನ್ನೊಂದು ಹೆದ್ದಾರಿ ಸೇರುತ್ತೇವೆ. ಸುತ್ತು ದಾರಿ ಅಂತ ಎಲ್ಲರೂ ನಗುತ್ತಾರೆ. ಎರಡು ದೊಡ್ಡ ಊರುಗಳ ನಡುವೆ ಒಂದು ದಿನವಾದರೂ ನಮ್ಮ ನೆಲದ ನೀರು ಕುಡಿಯದಿದ್ದರೆ ನಮಗೆ ಜೀವ ಬಂದಂತೆ ಆಗುವುದಿಲ್ಲ.

ಮೂವರೆಂದರೆ ಹಾಡುವ ಅಕ್ಕಾವ್ರು, ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ನಾನು, ಮತ್ತು ತಬಲಾದವನು. ಅಕ್ಕಾವ್ರಿಗೆ ಅರವತ್ತೇಳು ವರ್ಷ. ಹುಟ್ಟಿದ್ದು ಹಡಗಲಿಯಲ್ಲಿ, ಇರುವುದು ಧಾರವಾಡದಲ್ಲಿ. ಅವರ ಎಡಗಡೆ ಪೇಟಿ ಇಟ್ಟುಕೊಂಡು ಕೂತು ನನಗೆ ಇಪ್ಪತ್ತೆರಡು ವರ್ಷವಾಯಿತು. ತಬಲಾದವನು ಹರಪನಹಳ್ಳಿಯವನು, ಇಬ್ಬರು ಮಕ್ಕಳ ತಂದೆ. ಕಾರು ಅವನದೇ, ಓಡಿಸುವವನೂ ಅವನೇ, ಹಾಗಾಗಿ ತಾನೇ ಯಜಮಾನ ಎಂಬ ಭ್ರಮೆಯೂ ಅವನಿಗೆ ಸ್ವಲ್ಪ ಇದೆ.

ಈ ತಿರುಗಾಟ ಭಾರಿ ಸೊಗಸಿನದು ಅಂತ ಹೊರಗಿನವರು ತಿಳಿದಿದ್ದಾರೆ. ಸೊಗಸೆಲ್ಲ ವೇದಿಕೆಯ ಮೇಲಿನ ಎರಡು ತಾಸಿನದು. ಉಳಿದದ್ದು ಕಾರಿನ ಕಿಟಕಿ, ಸೊಂಟನೋವು, ಲಾಡ್ಜಿನ ದಿಂಬು. ಅಕ್ಕಾವ್ರ ಗಂಟಲಿಗಾಗಿ ಎ.ಸಿ. ಹಾಕುವಂತಿಲ್ಲ, ಅದೇ ಗಂಟಲಿಗಾಗಿ ಗಾಜು ಇಳಿಸಿ ಧೂಳು ಒಳಗೆ ಬಿಡುವಂತಿಲ್ಲ. ಹೀಗಾಗಿ ನಾವಿಬ್ಬರೂ ಕುಕ್ಕರಿನೊಳಗಿನ ಬೇಳೆಯಂತೆ ಬೇಯುತ್ತ ಕೂತಿರುತ್ತೇವೆ. ಅವರು ಮಾತ್ರ ಮಫ್ಲರ್ ಸುತ್ತಿಕೊಂಡು ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತ ಆರಾಮಾಗಿರುತ್ತಾರೆ. ಕರಿದದ್ದು, ಹುಳಿ, ಮೊಸರು ಅವರಿಗೆ ಆಗುವುದಿಲ್ಲ. ನೀವೂ ತಿನ್ನಬೇಡಿ ಅಂತ ಅವರು ಯಾವತ್ತೂ ಹೇಳಿಲ್ಲ, ಆದರೆ ತಿನ್ನುವವರನ್ನು ಅವರು ನೋಡುವ ರೀತಿ ಇದೆಯಲ್ಲ, ಅದಕ್ಕೆ ಅಂಜಿ ತಬಲಾದವನು ಟೈರಿಗೆ ಗಾಳಿ ಹಾಕಿಸುವ ನೆವ ಮಾಡಿ ಮೆಣಸಿನಕಾಯಿ ಬಜ್ಜಿ ತಿಂದು ಬರುತ್ತಾನೆ. ಬಾಯಿ ಒರೆಸಿಕೊಳ್ಳುವುದನ್ನು ಮರೆಯುತ್ತಾನೆ.

ಅಕ್ಕಾವ್ರದು ಇನ್ನೊಂದು ನೇಮ ಇದೆ. ದಾರಿಯಲ್ಲಿ ಯಾರ ಮನೆಯಲ್ಲಿ ಉಂಡರೂ ಅಲ್ಲಿ ಒಂದು ಹಾಡು ಹಾಡದೆ ಹೊರಡುವುದಿಲ್ಲ. ಅವರ ಗುರುಗಳಿಂದ ಬಂದದ್ದಂತೆ. ಗುಡಿಸಲಿರಲಿ, ಬಂಗಲೆಯಿರಲಿ, ಉಂಡ ಮೇಲೆ ಪೇಟಿ ಹೊರಗೆ ಬರಲೇಬೇಕು. ಈ ನೇಮ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ದಿನ ನಾನು ಮಾಡಿದ ದಡ್ಡತನ ಹೇಳುವ ಮೊದಲು, ಅದಕ್ಕಿಂತ ಎಂಟು ತಿಂಗಳು ಹಿಂದಿನದನ್ನು ಹೇಳಬೇಕು.

ಹಾಡುವವರು ಪೇಟಿಯ ಕಪ್ಪು-ಬಿಳಿ ಮನೆಗಳಲ್ಲಿ, ಅಂದರೆ ಕೀಲಿಗಳಲ್ಲಿ, ಯಾವುದನ್ನು ಷಡ್ಜ ಮಾಡಿಕೊಂಡು ಹಾಡುತ್ತಾರೋ ಅದು ಅವರ ಶ್ರುತಿ. ಅಕ್ಕಾವ್ರದು ಕಪ್ಪು ನಾಲ್ಕು. ನಲವತ್ತು ವರ್ಷದಿಂದ ಕಪ್ಪು ನಾಲ್ಕು. ವಯಸ್ಸಾದಂತೆ ಎಲ್ಲರೂ ಕಪ್ಪು ನಾಲ್ಕರಿಂದ ಬಿಳಿ ಐದಕ್ಕೆ, ಅಲ್ಲಿಂದ ಕಪ್ಪು ಮೂರಕ್ಕೆ, ಹೀಗೆ ಒಂದೆರಡು ಮನೆ ಕೆಳಗೆ ಇಳಿಯುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅಕ್ಕಾವ್ರು ಹಿಂದೊಮ್ಮೆ, ಹಿರಿಯ ಗಾಯಕಿಯೊಬ್ಬರು ಶ್ರುತಿ ಇಳಿಸಿ ಹಾಡಿದ್ದನ್ನು ಕೇಳಿ ಬಂದವರೇ, ಹತ್ತು ಜನರ ಎದುರಿಗೆ ಒಂದು ಮಾತು ಆಡಿಬಿಟ್ಟರು. ತಾವು ಶ್ರುತಿ ಇಳಿಸಿದ ದಿನವೇ ಹಾಡುವುದನ್ನು ಬಿಡುವುದಾಗಿ. ಬೇರೆ ಯಾರಾದರೂ ಅಂದಿದ್ದರೆ ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಇವರು ಒಮ್ಮೆ ಚಹಾ ಬಿಡುತ್ತೇನೆ ಅಂದವರು ಆಮೇಲೆ ಹದಿನೆಂಟು ವರ್ಷ ಅದರ ವಾಸನೆಯನ್ನೂ ತೆಗೆದುಕೊಂಡವರಲ್ಲ.

ಹೋದ ವರ್ಷ ಮುಂಬಯಿ ಕಛೇರಿಯಲ್ಲಿ ಅವರ ದನಿ ಮೇಲಿನ ಷಡ್ಜಕ್ಕೆ ಹೋಗಿ ಒಡೆಯಿತು. ಒಂದು ಸಲವಲ್ಲ, ಮೂರು ಸಲ. ಜನ ಚಪ್ಪಾಳೆ ಹೊಡೆದರು, ಜನಕ್ಕೇನು. ಮರಳಿ ಬರುವಾಗ ಐದು ತಾಸು ಅವರು ಕಿಟಕಿಗೆ ಹಣೆ ಒತ್ತಿ ಕೂತಿದ್ದರು. ಈ ಹೆಣ್ಣುಮಗಳು ಹಾಡು ಬಿಟ್ಟರೆ ಬದುಕುವುದಿಲ್ಲ ಅನ್ನಿಸಿತು. ನನ್ನ ಅನ್ನದ ಚಿಂತೆಯೂ ಜೊತೆಗಿತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ.

ನನ್ನದು ಸ್ಕೇಲ್ ಚೇಂಜರ್ ಪೇಟಿ. ಅದರ ಮನೆಗಳ ಸಾಲನ್ನೇ ಎತ್ತಿ ಒಂದು ಹೆಜ್ಜೆ ಎಡಕ್ಕೆ ಸರಿಸಿಬಿಟ್ಟರೆ, ಬೆರಳು ಕಪ್ಪು ನಾಲ್ಕರ ಮೇಲೇ ಇರುತ್ತದೆ, ಕೇಳುವುದು ಮಾತ್ರ ಅದಕ್ಕಿಂತ ಒಂದು ಮನೆ ಕೆಳಗಿನ ಬಿಳಿ ಐದು. ನೋಡುವವರಿಗೆ ಗೊತ್ತಾಗುವುದಿಲ್ಲ. ಮುಂದಿನ ಕಛೇರಿಗೆ ಹಾಗೇ ಮಾಡಿದೆ. ತಂಬೂರಿ ಶ್ರುತಿ ಮಾಡುವವನೂ ನಾನೇ, ಅದನ್ನೂ ಇಳಿಸಿದೆ. ತಬಲಾದವನಿಗೆ ಹೇಳಿದೆ, ಅವನು ಮೊದಲು ಬೇಡವೇ ಬೇಡ ಅಂದ, ಆಮೇಲೆ ಸುತ್ತಿಗೆ ತೆಗೆದು ತಬಲಾದ ಶ್ರುತಿಯನ್ನೂ ಇಳಿಸಿಕೊಂಡ. ಅಕ್ಕಾವ್ರು ಅಂದು ಮೇಲಿನ ಷಡ್ಜ ಮುಟ್ಟಿ ನಿಂತರು. ನಾನು ಪೇಟಿಯ ಮರೆಯಲ್ಲಿ ಕಣ್ಣೊರೆಸಿಕೊಂಡೆ.

ಆ ಮೇಲೆ ಎಂಟು ತಿಂಗಳು ನಾನು ಕಳ್ಳನ ಬಾಳು ಬಾಳಿದೆ. ಪ್ರತಿ ಊರಿನಲ್ಲೂ ಅವರಿಗಿಂತ ಮೊದಲು ವೇದಿಕೆಗೆ ಓಡುವುದು, ಯಾರಾದರೂ ಪೇಟಿ ಮುಟ್ಟಲು ಬಂದರೆ ಹರಿಹಾಯುವುದು. ಅವರ ಗಾಯನ ಚೆನ್ನಾದಷ್ಟೂ ನನಗೆ ಹೆಮ್ಮೆ, ಅದರ ಬೆನ್ನಿಗೇ ಭಯ. ಗೊತ್ತಾದರೆ ಅವತ್ತೇ ಹಾಡು ಬಿಡುತ್ತಾರೆ. ಬಿಡಿಸಿದವನು ನಾನಾಗುತ್ತೇನೆ.

ಈಗ ಆ ದಿನಕ್ಕೆ ಬರುತ್ತೇನೆ. ಹಡಗಲಿಯಲ್ಲಿ ಅಕ್ಕಾವ್ರು ಎರಡು ಮೊಳ ಮಲ್ಲಿಗೆ ಕೊಂಡು ಒಂದನ್ನು ತಾವು ಮುಡಿದು, ಇನ್ನೊಂದನ್ನು ನನ್ನ ಹೆಂಡತಿಗೆ ಎಲೆಯಲ್ಲಿ ಕಟ್ಟಿಸಿಕೊಂಡರು. ಕೊಟ್ಟೂರಿಗೆ ಮುಟ್ಟಿದಾಗ ಹನ್ನೊಂದು ಗಂಟೆ. ನಮ್ಮನ್ನು ಇಳಿಸಿ ತಬಲಾದವನು ತನ್ನ ತಾಯಿಯನ್ನು ನೋಡಿಕೊಂಡು ಬರಲು ಹರಪನಹಳ್ಳಿಗೆ ಹೊರಟ. ಪೇಟಿ ಡಿಕ್ಕಿಯಲ್ಲಿತ್ತು. ಇಳಿಸಿಕೊಡಲಾ ಅಂತ ಕೇಳಿದ. ನನಗೆ ಮೊಣಕಾಲು ನೋವು, ನಮ್ಮ ಮನೆಯದು ಎಂಟು ಮೆಟ್ಟಿಲು. ಇರಲಿ ಬಿಡು, ನಾಳೆ ಮತ್ತೆ ಏರಿಸಬೇಕಲ್ಲ ಅಂದೆ. ಮೈಗಳ್ಳನಿಗೆ ಮುಂದಿನದು ಎಲ್ಲಿ ಹೊಳೆಯುತ್ತದೆ.

ಊಟವಾಯಿತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಅಕ್ಕಾವ್ರಿಗಾಗಿ ಖಾರವಿಲ್ಲದ ಬೇಳೆ. ಅವರು ಒಂದು ನಿದ್ದೆ ತೆಗೆದು ಎದ್ದಾಗ ನಾಲ್ಕು ಗಂಟೆ. ಅಷ್ಟರಲ್ಲಿ ನನ್ನ ಹೆಂಡತಿ ಓಣಿಯ ಏಳೆಂಟು ಹೆಣ್ಣುಮಕ್ಕಳನ್ನು ಕರೆತಂದು ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದ್ದಳು. ಅಕ್ಕಾವ್ರು ಮುಖ ತೊಳೆದು ಬಂದು, ಪೇಟಿ ತೆಗಿ ಅಂದರು. ಆಗ ನನಗೆ ನೆನಪಾಯಿತು. ಪೇಟಿ ಕಾರಿನಲ್ಲಿದೆ ಅಂದೆ. ಹಾಡು ನಾಳೆಗಾಗಲಿ ಅಂತಲೂ ಅಂದುನೋಡಿದೆ.

ನನ್ನ ಹೆಂಡತಿ ಸುಮ್ಮನಿರಬಾರದೇ? ಮಾವನವರ ಕಾಲುಪೇಟಿ ಇದೆಯಲ್ಲ ಅಂದಳು. ನಮ್ಮ ತಂದೆ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಾಗಿದ್ದವರು. ಅವರ ಪೇಟಿ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದೆ. ಕಾಲಲ್ಲಿ ತಿದಿ ಒತ್ತಿ ನುಡಿಸುವಂಥದ್ದು, ಸರಿಸುವುದು ಇಳಿಸುವುದು ಏನೂ ಇಲ್ಲ. ಅದರಲ್ಲಿ ಕಪ್ಪು ನಾಲ್ಕು ಅಂದರೆ ಕಪ್ಪು ನಾಲ್ಕೇ. ಬಟ್ಟೆ ತೆಗೆದು ನನಗೊಂದು, ಪಕ್ಕದಲ್ಲಿ ಅಕ್ಕಾವ್ರಿಗೊಂದು ಕುರ್ಚಿ ಹಾಕಿಯೇಬಿಟ್ಟಳು.

ಅದರ ಮುಂದೆ ಕೂತೆ. ಕಪ್ಪು ನಾಲ್ಕು ಹಿಡಿದರೆ ಇಷ್ಟು ಜನ ಹೆಣ್ಣುಮಕ್ಕಳ ಎದುರಿಗೆ ಅವರ ದನಿ ಒಡೆಯುತ್ತದೆ, ಇನ್ನು ಮೂರು ದಿನಕ್ಕೆ ಬೆಂಗಳೂರಿನ ಕಛೇರಿ. ಬಿಳಿ ಐದು ಹಿಡಿದರೆ ಪಕ್ಕದಲ್ಲೇ ಕೂತವರಿಗೆ ಬೆರಳು ಕಾಣುತ್ತದೆ, ಹಾಡು ಅಲ್ಲಿಗೇ ನಿಲ್ಲುತ್ತದೆ. ಅವರು ಭೀಮಪಲಾಸಿಯಲ್ಲಿ ಒಂದು ವಚನ ಹಾಡುತ್ತೇನೆ ಅಂದರು. ನಾನು ತಿದಿ ಒತ್ತಿದೆ. ಧೈರ್ಯವಿಲ್ಲದವನ ಬೆರಳು ಹಳೆಯ ಜಾಗಕ್ಕೇ ಹೋಯಿತು. ಕಪ್ಪು ನಾಲ್ಕು.

ಅಕ್ಕಾವ್ರು ಹಾಡಲಿಲ್ಲ. ಕಣ್ಣು ಮುಚ್ಚಿ ಆ ಸ್ವರ ಕೇಳಿದರು. ಆಮೇಲೆ ಕೈ ಚಾಚಿ ನನ್ನ ಬೆರಳು ಹಿಡಿದು, ಒಂದು ಮನೆ ಎಡಕ್ಕೆ ತಂದು ಬಿಳಿ ಐದರ ಮೇಲೆ ಇಟ್ಟರು.

"ಇಲ್ಲಿಂದ ಹಿಡಿ, ತಮ್ಮಾ," ಅಂದರು.

ಹಾಡಿದರು. ಇಪ್ಪತ್ತು ನಿಮಿಷ. ನಾನೇನು ನುಡಿಸಿದೆನೋ ದೇವರಿಗೇ ಗೊತ್ತು. ಹೆಣ್ಣುಮಕ್ಕಳು ಅಕ್ಕಾವ್ರ ಕಾಲಿಗೆ ಬಿದ್ದು, ಕುಂಕುಮ ಇಟ್ಟುಕೊಂಡು, ಮಂಡಕ್ಕಿ ತಿಂದು ಹೋದರು. ನನ್ನ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದ ಮೇಲೆ ನಾನು ಕುರ್ಚಿಯಿಂದ ಇಳಿದು ಅಕ್ಕಾವ್ರ ಮುಂದೆ ಚಾಪೆಯ ಮೇಲೆ ಕೂತೆ. ಅವರೇ ಮಾತಾಡಿದರು. ಮೊದಲನೇ ಕಛೇರಿಯಲ್ಲೇ ಗೊತ್ತಾಗಿತ್ತಂತೆ, ತಾನು ಎಲ್ಲಿ ಹಾಡುತ್ತಿದ್ದೇನೆ ಅನ್ನುವುದು ಕಿವಿಗಿಂತ ಮೊದಲು ಗಂಟಲಿಗೆ ತಿಳಿಯುತ್ತದಂತೆ.

ಮತ್ತೆ ಯಾಕೆ ಹಾಡು ಬಿಡಲಿಲ್ಲ ಅಂತ ಕೇಳಿದೆ.

"ನಾ ಇಳಿಸಿದ ದಿನ ಬಿಡತೀನಿ ಅಂದಿದ್ನಿ. ಇಳಿಸಿದಾಂವ ನೀನು," ಅಂದರು. "ಆ ಒಂದು ನೆವದ ಮ್ಯಾಲ ಎಂಟು ತಿಂಗಳು ಹಾಡೀನಿ. ಇವತ್ತು ನಾನ ಇಳಿಸೀನಿ. ಇನ್ನ ನೆವ ಉಳಿಲಿಲ್ಲ. ಬಿಡಬೇಕಂತ ಕಣ್ಣು ಮುಚ್ಚಿದ್ನಿ, ಬಿಡಾಕ ಆಗಲಿಲ್ಲ."

ಅಷ್ಟು ಹೇಳಿ ಅವರು ನಕ್ಕರು. ನನಗೆ ನಗುವೂ ಬಂತು, ಅಳುವೂ ಬಂತು. ಎಂಟು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಆ ಸಂಜೆ ನಾನು ಎಂಟೂ ಮೆಟ್ಟಿಲು ಇಳಿದು ಹೋಗಿ, ಮೊಣಕಾಲಿನ ನೆನಪೇ ಇಲ್ಲದೆ, ಬಸ್ ಸ್ಟ್ಯಾಂಡಿನ ತನಕ ಸುಮ್ಮನೆ ನಡೆದು ಬಂದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದೆ. ವರ್ಷಗಳಿಂದ ಮಾತು ಬಿಟ್ಟಿದ್ದ ದಾಯಾದಿಯೊಬ್ಬನಿಗೂ ಆರಾಮಾ ಅಂದುಬಿಟ್ಟೆ, ಅವನು ಗಾಬರಿಯಾದ.

ತಬಲಾದವನು ಬಂದ ಮೇಲೆ ಅವನಿಗೆ ಎಲ್ಲ ಹೇಳಿದೆ. ಅವನು ಮೊದಲು ಕೇಳಿದ್ದು, ತನ್ನ ಹೆಸರೂ ಹೇಳಿದೆನಾ ಅಂತ. ಹೇಳಲಿಲ್ಲ, ಆದರೆ ತಬಲಾ ತಾನಾಗಿಯೇ ಇಳಿದಿರಲಿಕ್ಕಿಲ್ಲ ಅಂತ ಅಕ್ಕಾವ್ರಿಗೂ ಗೊತ್ತಲ್ಲವೇ ಅಂದೆ. ಮರುದಿನ ಬೆಳಿಗ್ಗೆ ಅವನು ಎಂದೂ ಇಲ್ಲದ ಹಾಗೆ ಅಕ್ಕಾವ್ರಿಗೆ ಕಾರಿನ ಬಾಗಿಲು ತೆರೆದು ನಿಂತ. ಅವರು ಒಳಗೆ ಕೂತು, ನಿನ್ನೆ ಎಷ್ಟು ಬಜ್ಜಿ ತಿಂದೆ ಅಂತ ಕೇಳಿದರು. ನಾಲ್ಕು ಅಂತ ನಿಜವನ್ನೇ ಹೇಳಿದ.

ಕೂಡ್ಲಿಗಿ ಕಡೆಗೆ ಹೋಗುತ್ತಿದ್ದೆವು. ಕುರಿ ಹಿಂಡು ರಸ್ತೆ ದಾಟುತ್ತಿದ್ದದ್ದಕ್ಕೆ ಕಾರು ನಿಂತಿತ್ತು. ನಾನು ಹಗುರಾದವನ ಉತ್ಸಾಹದಲ್ಲಿ, ಬೆಂಗಳೂರಿನಲ್ಲಿ ಇನ್ನು ರಾಜಾರೋಷವಾಗಿ ಬಿಳಿ ಐದು ಹಿಡಿಯೋಣ ಅಂತ ಹೇಳಿದೆ. ಅಕ್ಕಾವ್ರು ಕುರಿಗಳನ್ನೇ ನೋಡುತ್ತಿದ್ದರು.

"ಬಿಳಿ ಐದೂ ನಂಗ ಭಾಳ ಮ್ಯಾಲ ಆಕ್ಕೈತಿ, ತಮ್ಮಾ," ಅಂದರು. "ಮೊದಲಿಂದನೂ ಆಕ್ಕಿತ್ತು. ಎಷ್ಟು ಇಳಿಸಲಿ ಅಂತ ಇವತ್ತು ಕೇಳ್ತಾನ, ನಾಳೆ ಕೇಳ್ತಾನ ಅಂತ ಕಾದ್ನಿ. ನೀ ಒಂದ ಸಲಾನೂ ಕೇಳಲಿಲ್ಲ."

ಕುರಿ ದಾಟಿದವು, ಕಾರು ಹೊರಟಿತು. ನಾನು ಕಾಪಾಡಿದೆ ಅಂದುಕೊಂಡಿದ್ದ ಒಂದೊಂದು ಕಛೇರಿಯಲ್ಲೂ ಅವರು ಗಂಟಲು ಹರಿದುಕೊಂಡೇ ಹಾಡಿದ್ದರು. ನಾನು ಪಕ್ಕದಲ್ಲಿ ಕೂತು ನನ್ನ ಜಾಣತನಕ್ಕೆ ನಾನೇ ಕಣ್ಣೊರೆಸಿಕೊಂಡಿದ್ದೆ. ಸಿಟ್ಟು ಬಂತು, ನನ್ನ ಮೇಲೆ. ಆದರೆ ಅವರಿಗೆ ಸಿಟ್ಟಿರಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಹಾಕಿ, ತಾವು ಕುಡಿದು, ನನಗೂ ಅರ್ಧ ಕೊಟ್ಟರು.

ಬೆಂಗಳೂರಿನಲ್ಲಿ ಪರದೆ ಸರಿದು, ಸಭೆ ತುಂಬಿ, ಮೈಕುಗಳೆಲ್ಲ ತೆರೆದ ಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಅವರ ಕಡೆ ತಿರುಗಿ ಕೇಳಿದೆ.

"ಎಲ್ಲಿ ಹಿಡೀಲ್ರಿ, ಅಕ್ಕಾರ?"

ಅವರು ಮೈಕಿಗೆ ಅಡ್ಡ ಕೈ ಹಿಡಿಯಲಿಲ್ಲ. "ಕಪ್ಪು ಮೂರು," ಅಂದರು, ಕೊನೆಯ ಸಾಲಿನವರಿಗೂ ಕೇಳುವ ಹಾಗೆ.