ಅಪ್ಪ ಕೈಯಲ್ಲಿ ಒತ್ತುತ್ತಿದ್ದ ಕಿಕ್ಕರ್

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಮೆಕ್ಯಾನಿಕಲ್ ಇಂಜಿನಿಯರಿಂಗ್, ಅದೂ ಎರಡು ಸಬ್ಜೆಕ್ಟು ಮೂರು ಮೂರು ಸಲ ಕಟ್ಟಿ. ಆ ಹೆಮ್ಮೆ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಅಪ್ಪನ ಬೈಕಿಗೆ ನಾನು ಮಾಡಿದ್ದು ಅದೇ ಹೆಮ್ಮೆಯಿಂದ.

ತೊಂಬತ್ತರ ದಶಕದಲ್ಲಿ ಅಪ್ಪ ಆ ಹಳೆಯ ಬೈಕಿಗೆ ಕ್ಯಾನು ಕಟ್ಟಿಕೊಂಡು ಹುಳಿಮಾವಿನಿಂದ ಜಯನಗರದ ಮನೆಗಳಿಗೆ ಹಾಲು ಹಾಕುತ್ತಿದ್ದರು. ಒಮ್ಮೆ ಕ್ಯಾನುಗಳ ಸಮೇತ ಬಿದ್ದು ಮೊಣಕಾಲು ಮುರಿಯಿತು. ಗಾಡಿ ಓಡಿಸಲು ಹೇಗೋ ಆಗುತ್ತಿತ್ತು. ಆದರೆ ಆ ಕಾಲಿನಿಂದ ಕಿಕ್ಕರ್ ಒದೆಯಲೂ ಆಗದು, ಅದರ ಮೇಲೆ ಭಾರ ಹಾಕಿ ಇನ್ನೊಂದರಿಂದ ಒದೆಯಲೂ ಆಗದು. ಸಾರಕ್ಕಿಯ ವೆಲ್ಡರ್ ಒಬ್ಬ ಕಿಕ್ಕರ್ ತುದಿಗೆ ಮೊಳದುದ್ದದ ಸಲಾಕೆ ಬೆಸೆದು ಕೊಟ್ಟ. ಅಪ್ಪ ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ, ಪಕ್ಕದಲ್ಲಿ ನಿಂತು, ಬೋರ್‌ವೆಲ್ ಪಂಪು ಒತ್ತುವ ಹಾಗೆ ಎರಡೂ ಕೈಯಲ್ಲಿ ಒತ್ತಿ ಸ್ಟಾರ್ಟ್ ಮಾಡುತ್ತಿದ್ದರು. ನಾನು ಓದಿದ್ದು ಆ ಸಲಾಕೆಯ ದೆಸೆಯಿಂದ.

ಗಿರಾಕಿಗಳೆಲ್ಲ ಪ್ಯಾಕೆಟ್ ಹಾಲಿಗೆ ಹೋದ ಮೇಲೆ ಗಾಡಿ ಮೂಲೆ ಸೇರಿತು. ನನಗೆ ಕೆಲಸ ಸಿಕ್ಕಿ ಜೆ.ಪಿ. ನಗರದಲ್ಲಿ ಮನೆ ಮಾಡಿದಾಗ ಅದನ್ನು ನನ್ನ ಗ್ಯಾರೇಜಿಗೆ ತಂದೆ.

"ಹೊಸದರ ಹಾಗೆ ಮಾಡ್ಕೊಡ್ತೀನಿ ಅಪ್ಪ. ಮೊದಲನೇ ರೌಂಡು ನೀವೇ ಹೊಡೀಬೇಕು."

ವರ್ಷ ಹಿಡಿಯಿತು. ಅಪ್ಪ ಪ್ರತಿ ಭಾನುವಾರ ಬಂದು, ಮಡಚದ ಆ ಕಾಲನ್ನು ಮುಂದಕ್ಕೆ ನೀಡಿಕೊಂಡು, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಒಂದೇ ಸಲ ಕೇಳಿದರು.

"ಆ ಸಲಾಕೆ ಎಲ್ಲೋ?"

"ಗುಜರಿಗೆ ಹಾಕ್ದೆ. ಮ್ಯಾನ್ಯುಯಲ್‌ನಲ್ಲಿ ಹಂಗಿಲ್ಲ ಅಪ್ಪ. ಒರಿಜಿನಲ್ ಕಿಕ್ಕರ್ ತಂದಿದೀನಿ ನೋಡಿ."

"ಓದ್ದೋನು ನೀನು," ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಆಯುಧಪೂಜೆಯ ದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಎದುರು ಮನೆಯವರು ಗೇಟಿನಲ್ಲೇ ನಿಂತು, "ಯಜಮಾನ್ರೇ, ಅರ್ಧ ಲೀಟರ್ ಸಿಗುತ್ತಾ?" ಎಂದರು.

"ನೀರು ಬೆರೆಸ್ದೇ ಇರೋ ಹಾಲು ನಿಮಗೆ ಸೇರಲ್ಲ ಬಿಡಿ," ಎಂದು ಅಪ್ಪ ಗಾಡಿಯ ಪಕ್ಕಕ್ಕೆ ಹೋಗಿ ಬಗ್ಗಿದರು.

ಎರಡೂ ಕೈ ಸಲಾಕೆ ಇದ್ದ ಜಾಗಕ್ಕೆ ತಾವಾಗಿಯೇ ಹೋದವು. ಅಲ್ಲಿ ಏನೂ ಇರಲಿಲ್ಲ. ಕ್ರೋಮ್ ಹೊಳೆಯುವ ಗಿಡ್ಡ ಕಿಕ್ಕರನ್ನೇ ಹಿಡಿದು ಒತ್ತಿದರು, ಅದು ಕದಲಲಿಲ್ಲ. ಟ್ಯಾಂಕು ಹಿಡಿದುಕೊಂಡು ಕಾಲೆತ್ತಲು ನೋಡಿದರು. ಎರಡು ಸಲ.

"ಇಂಜಿನ್ ಇನ್ನೂ ಬಿಗಿ ಇದೆ ಕಣೋ. ನೀನೇ ಹೊಡಿ."

ಇಂಜಿನ್ ಬಿಗಿ ಇರಲಿಲ್ಲ. ನಾನು ಒದ್ದ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅಪ್ಪ ಹಿಂದೆ ಕೂತರು. ಮೊದಲನೇ ರೌಂಡು ನಾನು ಹೊಡೆದೆ.

ವಾಪಸು ಬಂದ ಮೇಲೆ, "ನಾಳೆನೇ ಸಲಾಕೆ ಬೆಸೆಸ್ತೀನಿ," ಎಂದೆ.

"ಬೇಡ. ಇಷ್ಟು ಚೆನ್ನಾಗಿರೋದಕ್ಕೆ ಯಾಕೆ ಗಾಯ ಮಾಡ್ತೀಯ."

ಅಪ್ಪನೇ ಬೇಡ ಎಂದರು ಅಂತ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅವರು ಹಾಗಂದದ್ದು ನಿಜ. ಆದರೆ ಆ ಕ್ರೋಮಿನ ಮೇಲೆ ವೆಲ್ಡಿಂಗ್ ಕಲೆ ಬೀಳುವುದು ತಪ್ಪಿತಲ್ಲ ಎಂದು ನನಗೂ ಒಳಗೇ ಸಮಾಧಾನವಾಗಿತ್ತು. ಅಪ್ಪ ಆ ಗಾಡಿಯನ್ನು ಮತ್ತೆ ಓಡಿಸಲಿಲ್ಲ.